ಕಣ್ಣಿಟ್ಟರೆ ಸಾಲದು, ಕಟಕಟೆ ಬೇಕು

ಎರಡೂವರೆ ಅಡಿ ಎತ್ತರದ ಮಂಚದಿಂದ ಮಗು ಉರುಳಿದರೆ ನೆಲ ಮುಟ್ಟಲು ಎಷ್ಟು ಹೊತ್ತು ಬೇಕು? ಹೈಸ್ಕೂಲಿನಲ್ಲಿ ಕಲಿತ ಸೂತ್ರ ಹಾಕಿದರೆ 0.4 ಸೆಕೆಂಡ್ ಎಂಬ ಉತ್ತರ ಬರುತ್ತದೆ. ನೆಲಕ್ಕೆ ತಾಗುವಾಗ ಆ ಮಗುವಿನ ವೇಗ ಗಂಟೆಗೆ ಸುಮಾರು 14 ಕಿಲೋಮೀಟರ್. ಒಳಗೆ ಒಗ್ಗರಣೆ ಹಾಕುತ್ತಿರುವ ತಾಯಿಯ ಮಾತು ಬಿಡಿ, ಅದೇ ಮಂಚದ ತುದಿಯಲ್ಲಿ ಕೂತು ಬಟ್ಟೆ ಮಡಚುತ್ತಿರುವವಳಿಗೂ ಅಷ್ಟರೊಳಗೆ ಕೈ ಚಾಚಲು ಆಗದು.

ಆದರೂ ಮಗು ಬಿದ್ದ ಮನೆಯಲ್ಲಿ ಮೊದಲು ಹೊರಡುವ ಮಾತು ಒಂದೇ: "ಏನಮ್ಮಾ, ಮಗು ಮೇಲೆ ಒಂಚೂರು ಗಮನ ಇರಬಾರದಿತ್ತಾ?" ಕೇಳುವವರು ಅತ್ತೆ, ನಾದಿನಿ, ಗಂಡ, ಪಕ್ಕದ ಮನೆಯವರು, ಕೆಲವೊಮ್ಮೆ ಆಸ್ಪತ್ರೆಯ ನರ್ಸ್. ಕೇಳಿಸಿಕೊಳ್ಳುವವಳು ಯಾವಾಗಲೂ ತಾಯಿ. ಮಂಚಕ್ಕೆ ಅಡ್ಡಪಟ್ಟಿ ಯಾಕಿರಲಿಲ್ಲ, ಹಾಸಿಗೆಯನ್ನು ನೆಲದ ಮೇಲೇ ಯಾಕೆ ಹಾಸಿರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಮಕ್ಕಳ ತಲೆಗೆ ಪೆಟ್ಟಾಗುವುದನ್ನು ತಡೆಯುವ ವಿಚಾರದಲ್ಲಿ ನಾವು ದಾರಿ ತಪ್ಪಿರುವುದು ಇಲ್ಲೇ. ಕಾವಲಿಗೆ ಮನುಷ್ಯರನ್ನು ನೇಮಿಸುತ್ತೇವೆ, ಬೀಳುವ ಜಾಗವನ್ನು ಮಾತ್ರ ಹಾಗೆಯೇ ಬಿಡುತ್ತೇವೆ.

ಚಿಕ್ಕ ಮಕ್ಕಳು ಬಿದ್ದಾಗ ತಲೆಯೇ ಮೊದಲು ನೆಲಕ್ಕೆ ಬಡಿಯುವುದಕ್ಕೆ ಕಾರಣ ಅವರ ಮೈಕಟ್ಟು. ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ದೊಡ್ಡವರಲ್ಲಿ ಅದು ಎಂಟನೇ ಒಂದು ಭಾಗದಷ್ಟು. ಭಾರವೆಲ್ಲ ಮೇಲೆ, ಕುತ್ತಿಗೆಯ ಸ್ನಾಯು ಎಳಸು, ಬೀಳುವಾಗ ಕೈ ಊರಿಕೊಳ್ಳುವ ಅಭ್ಯಾಸ ಇನ್ನೂ ಬಂದಿಲ್ಲ. ತಲೆಬುರುಡೆ ತೆಳು, ನೆತ್ತಿ ಕೂಡಿಕೊಳ್ಳಲು ಸುಮಾರು ಒಂದೂವರೆ ವರ್ಷ ಬೇಕು. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಎಳೆ ಮಗುವಿನ ಮೈಯಲ್ಲಿರುವ ರಕ್ತ ಪ್ರತಿ ಕಿಲೋ ತೂಕಕ್ಕೆ 80 ಮಿಲಿಲೀಟರ್‌ನಷ್ಟು. ಐದು ಕಿಲೋ ಕೂಸಿಗೆ ಒಟ್ಟು 400 ಮಿಲಿಲೀಟರ್, ಅಂದರೆ ಅರ್ಧ ಲೀಟರೂ ಇಲ್ಲ. ದೊಡ್ಡವರಿಗೆ ಲೆಕ್ಕಕ್ಕೇ ಬಾರದಷ್ಟು ರಕ್ತಸ್ರಾವ ಆ ಕೂಸಿನ ಜೀವಕ್ಕೆ ಸಂಚಕಾರ ತರಬಲ್ಲದು.

ಜಾಗವನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅರ್ಧ ಶತಮಾನದ ಹಿಂದಿನ ನ್ಯೂಯಾರ್ಕ್ ಒಳ್ಳೆಯ ಉದಾಹರಣೆ. ಅಲ್ಲಿನ ಬಡವರ ಬಹುಮಹಡಿ ವಠಾರಗಳಲ್ಲಿ ಬೇಸಿಗೆ ಬಂತೆಂದರೆ ಕಿಟಕಿ ತೆರೆದಿಡಲೇಬೇಕು, ಇಲ್ಲದಿದ್ದರೆ ಒಳಗೆ ಬೇಯಬೇಕು. ತೆರೆದ ಕಿಟಕಿಯಿಂದ ಮಕ್ಕಳು ಬಿದ್ದು ಸಾಯುತ್ತಿದ್ದರು. 1972ರಲ್ಲಿ ನಗರದ ಆರೋಗ್ಯ ಇಲಾಖೆ 'ಮಕ್ಕಳು ಹಾರಲಾರರು' ಎಂಬ ಅರ್ಥದ ಹೆಸರಿಟ್ಟು ಒಂದು ಕಾರ್ಯಕ್ರಮ ಶುರುಮಾಡಿತು. ಮಗು ಬಿದ್ದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆ ಮತ್ತು ಪೊಲೀಸರು ಇಲಾಖೆಗೆ ತಿಳಿಸಬೇಕು, ಇಲಾಖೆಯವರು ಆ ಮನೆಗೆ ಹೋಗಿ ಯಾವ ಕಿಟಕಿ, ಎಷ್ಟು ಎತ್ತರ, ಹೇಗೆ ಬಿತ್ತು ಎಂದು ವಿಚಾರಿಸಬೇಕು. ಮನೆಮನೆ ಸುತ್ತಿ ತಿಳಿವಳಿಕೆ ಹೇಳುವ ಕೆಲಸವೂ ನಡೆಯಿತು. ಆದರೆ ಇಲಾಖೆ ಬುದ್ಧಿವಾದಕ್ಕೇ ನಿಲ್ಲಲಿಲ್ಲ. ಚಿಕ್ಕ ಮಕ್ಕಳಿರುವ ಮನೆಗಳಿಗೆ ಕಿಟಕಿಗೆ ಸಿಕ್ಕಿಸುವ ಕಂಬಿಯ ಚೌಕಟ್ಟುಗಳನ್ನು ಪುಕ್ಕಟೆಯಾಗಿ ಕೊಟ್ಟಿತು.

ಬ್ರಾಂಕ್ಸ್ ಭಾಗದಲ್ಲಿ ಎರಡೇ ವರ್ಷದಲ್ಲಿ ಕಿಟಕಿಯಿಂದ ಬೀಳುವ ಪ್ರಕರಣಗಳು ಅರ್ಧಕ್ಕಿಳಿದವು. ಚೌಕಟ್ಟು ಹಾಕಿದ ಕಿಟಕಿಯಿಂದ ಮಗು ಬಿದ್ದ ವರದಿ ಒಂದೂ ಬರಲಿಲ್ಲ. 1976ರಲ್ಲಿ ಇದು ನಿಯಮವೇ ಆಯಿತು. ಹತ್ತು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗೆ ಕಿಟಕಿ ಕಂಬಿ ಹಾಕಿಸುವ ಹೊಣೆ ಕಟ್ಟಡದ ಮಾಲೀಕನದು. ಗಮನಿಸಿ, ಹೊಣೆ ತಾಯಿಯದಲ್ಲ, ಮಾಲೀಕನದು.

ಈ ಕಥೆ ಓದಿದಾಗ ನಮ್ಮವರಿಗೆ ನಗು ಬರಬಹುದು. ಕಿಟಕಿಗೆ ಕಂಬಿ ಇಲ್ಲದ ಮನೆ ನಮ್ಮಲ್ಲಿ ಎಲ್ಲಿತ್ತು? ಕಳ್ಳರ ಭಯ ನಮ್ಮ ಮಕ್ಕಳನ್ನು ಕಾಪಾಡಿಕೊಂಡು ಬಂದಿದೆ, ಅವರಿಗೊಂದು ಕೃತಜ್ಞತೆ ಹೇಳಬೇಕು. ಆದರೆ ಈಗ ಬೆಂಗಳೂರು, ಮೈಸೂರು, ಮಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳನ್ನು ನೋಡಿ. ನೆಲದಿಂದ ಎರಡಡಿಗೇ ಶುರುವಾಗುವ ಸರಿಸುವ ಗಾಜಿನ ಕಿಟಕಿ, ಅದರ ಕೆಳಗೇ ಸೋಫಾ ಅಥವಾ ದಿವಾನ. ಗ್ರಿಲ್ ಹಾಕಿಸುತ್ತೇವೆ ಎಂದರೆ "ಎಲಿವೇಶನ್ ಹಾಳಾಗುತ್ತೆ" ಎಂದು ಅಸೋಸಿಯೇಶನ್ ತಕರಾರು. ಕಟ್ಟಡದ ಮುಖದ ಅಂದ ಮುಖ್ಯವೋ ಒಳಗಿರುವ ಮಕ್ಕಳ ತಲೆ ಮುಖ್ಯವೋ ಎಂಬುದನ್ನು ವಾರ್ಷಿಕ ಸಭೆಯಲ್ಲಿ ಒಮ್ಮೆ ನೇರವಾಗಿ ಕೇಳಿಬಿಡುವುದು ಒಳ್ಳೆಯದು. ದೂರದಿಂದ ಕಾಣಿಸದಂಥ ಉಕ್ಕಿನ ತಂತಿಯ ಗ್ರಿಲ್‌ಗಳು ಮಾರುಕಟ್ಟೆಗೆ ಬಂದು ಎಷ್ಟೋ ಕಾಲವಾಯಿತು. ಹಾಗಾಗಿ ಆ ನೆಪವೂ ಈಗ ಉಳಿದಿಲ್ಲ.

ತಾರಸಿಯದು ಇನ್ನೂ ಹಳೆಯ ಸಮಸ್ಯೆ. ತಾರಸಿ ಮತ್ತು ಬಾಲ್ಕನಿಯ ಅಂಚಿನ ಗೋಡೆ ಅಥವಾ ಕಟಕಟೆ ಒಂದು ಮೀಟರ್‌ಗಿಂತ ಗಿಡ್ಡ ಇರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಪ್ಯಾರಾಪೆಟ್ ಮೊಣಕಾಲ ಮಟ್ಟಕ್ಕೇ ನಿಂತಿರುತ್ತದೆ, "ಮುಂದೆ ಇನ್ನೊಂದು ಅಂತಸ್ತು ಎಬ್ಬಿಸಬೇಕು, ಈಗ ಯಾಕೆ ಖರ್ಚು" ಎಂಬ ಲೆಕ್ಕಾಚಾರದಲ್ಲಿ. ಆ ಅಂತಸ್ತು ಏಳುವಷ್ಟರಲ್ಲಿ ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ. ಆಷಾಢದ ಗಾಳಿಗೆ ಗಾಳಿಪಟ ಹಾರಿಸುವ ಹುಡುಗ ಮುಂದೆ ನೋಡಿ ನಡೆಯುವವನಲ್ಲ. ಅವನ ಕಣ್ಣು ಆಕಾಶದಲ್ಲಿ, ಹೆಜ್ಜೆ ಹಿಂದಕ್ಕೆ. ಹತ್ತಡಿ ಎತ್ತರದಿಂದ ಬಿದ್ದವರು ನೆಲ ತಲುಪುವ ವೇಗ ಗಂಟೆಗೆ 28 ಕಿಲೋಮೀಟರ್ ಸಮೀಪ. ಪೇಟೆಯಲ್ಲಿ ಹೋಗುವ ಸ್ಕೂಟರಿನ ವೇಗ ಅದು.

ಕಟಕಟೆ ಇದ್ದರಷ್ಟೇ ಆಗಲಿಲ್ಲ, ಅದರ ವಿನ್ಯಾಸವೂ ಮುಖ್ಯ. ಈಗ ಚೆನ್ನಾಗಿ ಓಡುತ್ತಿರುವ ಸ್ಟೀಲ್ ಅಡ್ಡಪಟ್ಟಿಗಳ ಕಟಕಟೆ ಮಕ್ಕಳ ಪಾಲಿಗೆ ಏಣಿಯೇ ಸರಿ. ಕಂಬಿ ಉದ್ದುದ್ದ ಇರಬೇಕು, ನಡುವಿನ ಸಂದು ನಾಲ್ಕು ಇಂಚು ಮೀರಬಾರದು. ಮಗುವಿನ ಮೈ ತೂರುವ ಸಂದಿನಲ್ಲಿ ತಲೆ ಸಿಕ್ಕಿಕೊಳ್ಳುತ್ತದೆ, ತಲೆಯೂ ತೂರಿದರೆ ಮಗುವೇ ಹೊರಗೆ. ಬಾಲ್ಕನಿಯಲ್ಲಿ ಹೂಕುಂಡ, ಸ್ಟೂಲು, ಹಳೆಯ ಕುರ್ಚಿ, ನೀರಿನ ಕ್ಯಾನು ಇಟ್ಟರೆ ಕಟಕಟೆಯ ಎತ್ತರ ಅಷ್ಟರಮಟ್ಟಿಗೆ ಕಡಿಮೆಯಾಯಿತೆಂದೇ ಲೆಕ್ಕ.

ಇದೆಲ್ಲ ಸ್ವಂತ ಮನೆ, ಸ್ವಂತ ಬಾಲ್ಕನಿ ಇದ್ದವರ ಮಾತಾಯಿತು. ಆ ಬಾಲ್ಕನಿಗಳನ್ನು ಕಟ್ಟುವವರ ಮಕ್ಕಳು ಎಲ್ಲಿರುತ್ತಾರೆ? ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರ ಮಕ್ಕಳು ಸೈಟಿನಲ್ಲೇ ಬೆಳೆಯುತ್ತಾರೆ. ಕಟಕಟೆ ಇಲ್ಲದ ಮೆಟ್ಟಿಲು, ಬಾಯಿ ತೆರೆದ ಲಿಫ್ಟ್ ಗುಂಡಿ, ಮೇಲಿಂದ ಬೀಳುವ ಇಟ್ಟಿಗೆ ಚೂರು ಅವರ ಆಟದ ಅಂಗಳದ ಭಾಗ. ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಟ್ಟಡ ಕಾಮಗಾರಿಯ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಕೋಣೆ ಇರಲೇಬೇಕು ಎಂದು 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮು ಹೇಳುತ್ತಿತ್ತು. ಚಿಕ್ಕ ಸೈಟುಗಳಿಗೆ ಆ ಮಾತು ಅನ್ವಯಿಸುತ್ತಲೇ ಇರಲಿಲ್ಲ. ಇಂಥ ಕಡೆ ತಾಯಿಗೆ "ಗಮನ ಇಡಮ್ಮಾ" ಎನ್ನುವುದು ಕ್ರೌರ್ಯ. ಆಕೆಯ ತಲೆಯ ಮೇಲೆ ಕಾಂಕ್ರೀಟ್ ಬಾಂಡ್ಲಿ ಇರುತ್ತದೆ.

ಮನೆಯೊಳಗೆ ಹಿಂದಿರುಗೋಣ. ನಾಮಕರಣಕ್ಕೋ ಮೊದಲ ಹುಟ್ಟುಹಬ್ಬಕ್ಕೋ ಉಡುಗೊರೆಯಾಗಿ ಬರುವ ವಾಕರ್ ಇದೆಯಲ್ಲ, ಗಾಲಿಗಳ ಮೇಲೆ ಮಗುವನ್ನು ಕೂರಿಸುವ ಪ್ಲಾಸ್ಟಿಕ್ ಸಾಧನ, ಅದನ್ನು ಕೆನಡಾ ದೇಶ 2004ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ಮಾರುವುದು, ತರಿಸುವುದು, ಜಾಹೀರಾತು ಕೊಡುವುದು ಎಲ್ಲವೂ ಅಲ್ಲಿ ಅಪರಾಧ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ನಿಷೇಧ ಬೇಕೆಂದು ಕೇಳುತ್ತಲೇ ಬಂದಿದೆ. ಕಾರಣ ಸರಳ. ಇನ್ನೂ ತಾನಾಗಿ ನಿಲ್ಲಲೂ ಬಾರದ ಮಗುವಿಗೆ ವಾಕರ್ ಸೆಕೆಂಡಿಗೆ ಮೂರಡಿಗೂ ಹೆಚ್ಚು ವೇಗ ಕೊಡುತ್ತದೆ, ಮೆಟ್ಟಿಲ ತುದಿಗೆ ಕ್ಷಣದಲ್ಲಿ ಒಯ್ಯುತ್ತದೆ. ಅದರಿಂದ ಮಗು ಬೇಗ ನಡೆಯುತ್ತದೆ ಎಂಬ ನಂಬಿಕೆಯೂ ಸುಳ್ಳು, ಕೆಲವು ಮಕ್ಕಳಲ್ಲಿ ನಡಿಗೆ ತಡವಾಗುವುದೂ ಉಂಟು. ಉಡುಗೊರೆ ಕೊಟ್ಟವರ ಮನಸ್ಸು ನೋಯಬಾರದೆಂದಿದ್ದರೆ ಗಾಲಿ ಬಿಚ್ಚಿ ಅಟ್ಟಕ್ಕೆ ಹಾಕಿ. ಹಾಗೆಯೇ ಮಗುವನ್ನು ಗಾಳಿಗೆಸೆದು ಹಿಡಿದು ನಗಿಸುವ ಸೋದರಮಾವಂದಿರಿಗೆ ಮೇಲೆ ಫ್ಯಾನ್ ತಿರುಗುತ್ತಿದೆ ಎಂದು ನೆನಪಿಸುವುದರಲ್ಲಿ ತಪ್ಪಿಲ್ಲ. ಟಿ.ವಿ.ಯನ್ನು ಪುಟ್ಟ ಮೇಜಿನ ಅಂಚಿನಲ್ಲಿ ಇಡುವ ಬದಲು ಗೋಡೆಗೆ ಬಿಗಿಸಿ, ಕಪಾಟನ್ನೂ ಬಿಗಿಸಿ. ಮಕ್ಕಳು ಡ್ರಾಯರುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ.

ಅತ್ತು ಅತ್ತು ಸುಮ್ಮನಾಗದ ಎಳೆಗೂಸನ್ನು ರೇಗಿ ಜೋರಾಗಿ ಕುಲುಕುವುದು ಬಿದ್ದ ಪೆಟ್ಟಿನಷ್ಟೇ ಅಪಾಯ. ಹೊರಗೆ ಗಾಯ ಕಾಣುವುದಿಲ್ಲ, ಒಳಗೆ ಮಿದುಳಿನ ಸುತ್ತ ರಕ್ತ ಒಸರಬಹುದು. ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಸಿಟ್ಟು ಬರುವುದು ಸಹಜ. ಆಗ ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ, ಇಲ್ಲವೇ ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಡಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮಕ್ಕಳು ಬೀಳುತ್ತಾರೆ, ಬೀಳಬೇಕು ಕೂಡ. ಮರ ಹತ್ತದೆ, ಜೋಕಾಲಿ ಜೀಕದೆ ಬೆಳೆದ ಬಾಲ್ಯವನ್ನು ನಾನು ಯಾರಿಗೂ ಹಾರೈಸಲಾರೆ. ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಜೀಕುವ ಎತ್ತರ ನೋಡಿದರೆ ಎದೆ ಝಲ್ ಎನ್ನುತ್ತದೆ, ಆದರೂ ಅದನ್ನು ನಿಲ್ಲಿಸಿ ಎನ್ನಲು ಬಾಯಿ ಬರುವುದಿಲ್ಲ. ಹಗ್ಗ ಹೊಸದಿರಲಿ, ಕೊಂಬೆ ಗಟ್ಟಿಯಿರಲಿ, ಕೆಳಗೆ ಕಲ್ಲು ಇಲ್ಲದಿರಲಿ. ಪಾರ್ಕುಗಳಲ್ಲಿ ಜಾರುಬಂಡೆಯ ಬುಡಕ್ಕೆ ಕಾಂಕ್ರೀಟ್ ಹಾಸುವ ನಗರಸಭೆಗಳಿಗೆ ಮಾತ್ರ ಏನು ಹೇಳಬೇಕೋ ತಿಳಿಯದು. ಅಲ್ಲಿ ಒಂದಡಿ ಆಳ ಮರಳು ತುಂಬಿದರೆ ಪೆಟ್ಟಿನ ಬಿರುಸು ಎಷ್ಟೋ ಇಳಿಯುತ್ತದೆ, ಖರ್ಚೂ ಕಡಿಮೆ.

ಬಿದ್ದ ಮೇಲೆ ನೋಡಬೇಕಾದ್ದು ಇಷ್ಟು. ಬಿದ್ದೊಡನೆ ಅತ್ತು, ಸ್ವಲ್ಪ ಹೊತ್ತಿಗೆ ಸುಮ್ಮನಾಗಿ, ಮತ್ತೆ ಆಟಕ್ಕೆ ತೊಡಗಿದ ಮಗುವಿಗೆ ಹೆಚ್ಚಾಗಿ ಏನೂ ಆಗಿರುವುದಿಲ್ಲ. ಹಣೆಯ ಬುಗುಟಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಸಾಕು, ಉಜ್ಜಿ ಒತ್ತುವುದು ಬೇಡ. ಗಾಯವಾಗಿದ್ದರೆ ಕಾಫಿಪುಡಿ, ಅರಿಶಿನ, ಸುಣ್ಣ ಮೆತ್ತಬೇಡಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಆದರೆ ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಕಿವಿ ಮೂಗಿನಿಂದ ರಕ್ತವೋ ನೀರಿನಂಥ ದ್ರವವೋ ಸೋರಿದರೆ, ಒಂದು ಕೈ ಅಥವಾ ಕಾಲು ಸೋತಂತೆ ಕಂಡರೆ, ಎರಡು ಕಣ್ಣಿನ ಪಾಪೆ ಒಂದೇ ಅಳತೆಯಲ್ಲಿ ಇಲ್ಲದಿದ್ದರೆ, ಕೂಸಿನ ನೆತ್ತಿ ಉಬ್ಬಿದ್ದರೆ ತಡಮಾಡಬೇಡಿ, 108ಕ್ಕೆ ಫೋನ್ ಮಾಡಿ. ಎತ್ತರದಿಂದ ಬಿದ್ದ ಮಗುವಿನ ಕುತ್ತಿಗೆ ಅಲುಗಾಡಿಸಬೇಡಿ, ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಒಂದು ವರ್ಷದೊಳಗಿನ ಕೂಸಾಗಿದ್ದರೆ ಏನೂ ಕಾಣದಿದ್ದರೂ ವೈದ್ಯರಿಗೆ ತೋರಿಸುವುದೇ ಸರಿ.

ತಲೆಗೆ ಪೆಟ್ಟಾದ ಮಗುವನ್ನು ಮಲಗಲು ಬಿಡಬಾರದು ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ನಿದ್ದೆಯಿಂದ ತೊಂದರೆಯಿಲ್ಲ, ನಿದ್ದೆಯ ಮರೆಯಲ್ಲಿ ಪ್ರಜ್ಞೆ ಜಾರುವುದು ಗೊತ್ತಾಗದೆ ಹೋಗುವುದು ತೊಂದರೆ. ಹಾಗಾಗಿ ಮೊದಲ ರಾತ್ರಿ ಎರಡು ಮೂರು ಸಲ ಎಬ್ಬಿಸಿ ನೋಡಿ. ಬಿದ್ದಾಗ ಚೆನ್ನಾಗಿದ್ದು, ಕೆಲವು ಗಂಟೆಗಳ ನಂತರ ಕುಸಿಯುವ ಮಕ್ಕಳೂ ಇದ್ದಾರೆ. ತಲೆಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತ ಹೋಗುವುದು ಅದಕ್ಕೆ ಕಾರಣ. ಒಂದೆರಡು ದಿನ ಗಮನವಿಡಿ ಎಂದು ವೈದ್ಯರು ಹೇಳುವುದು ಅದಕ್ಕೇ. ಇನ್ನು ಕೆಲವು ತಂದೆತಾಯಿ ಆಸ್ಪತ್ರೆಗೆ ಕಾಲಿಟ್ಟೊಡನೆ "ಸ್ಕ್ಯಾನ್ ಮಾಡಿಸಿಬಿಡಿ ಡಾಕ್ಟ್ರೇ" ಎಂದು ಪಟ್ಟು ಹಿಡಿಯುತ್ತಾರೆ. ಅಮೆರಿಕದ ಆಸ್ಪತ್ರೆಗಳಲ್ಲಿ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಯಾವ ಮಗುವಿಗೆ ಸಿ.ಟಿ. ಬೇಡ ಎಂದು ಗುರುತಿಸುವ ಕ್ರಮವನ್ನೇ ರೂಪಿಸಿಕೊಟ್ಟಿದೆ. ಸಿ.ಟಿ. ಎಂದರೆ ವಿಕಿರಣ. ಕಾದು ನೋಡೋಣ ಎನ್ನುವ ವೈದ್ಯರು ಅಸಡ್ಡೆಯವರಲ್ಲ.

ಗಾಯ ಮಾಯ್ದ ಮೇಲೂ ಕೆಲವು ಮಕ್ಕಳಿಗೆ ತಲೆನೋವು, ಮರೆವು, ಸಿಡುಕು, ಪಾಠದಲ್ಲಿ ಗಮನ ನಿಲ್ಲದಿರುವುದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಶಾಲೆಯಲ್ಲಿ ಅದಕ್ಕೆ ಸೋಮಾರಿತನ ಎಂದು ಹೆಸರು ಬೀಳುತ್ತದೆ. ಪೆಟ್ಟಾದ ವಿಷಯವನ್ನು ಮೇಷ್ಟ್ರಿಗೆ, ಮಿಸ್‌ಗೆ ತಿಳಿಸಿ. ಪೂರ್ತಿ ಚೇತರಿಸಿಕೊಳ್ಳುವವರೆಗೆ ಕಬಡ್ಡಿ, ಫುಟ್‌ಬಾಲ್ ಬೇಡ.

ಈಗ ಎಲ್ಲಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಎಂಟೂವರೆಗೆ ನಿಮ್ಮ ಊರಿನ ಯಾವುದಾದರೂ ಶಾಲೆಯ ಗೇಟಿನ ಬಳಿ ನಿಂತು ನೋಡಿ. ಬೈಕ್ ಓಡಿಸುವ ಅಪ್ಪನ ತಲೆಗೆ ಹೆಲ್ಮೆಟ್ ಇದೆ, ಪೊಲೀಸರು ಹಿಡಿಯುತ್ತಾರಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತ ಯು.ಕೆ.ಜಿ. ಮಗುವಿನ ತಲೆ ಬರಿದು. ಸ್ಕೂಟರಿನ ಮುಂದೆ ನಿಂತ ಮಗು ಕನ್ನಡಿಯ ಕಂಬಿ ಹಿಡಿದುಕೊಂಡಿದೆ. ಹಿಂದೆ ಕೂತದ್ದು ಅಮ್ಮನ ಬೆನ್ನಿಗೊರಗಿ ತೂಕಡಿಸುತ್ತಿದೆ. ಮುಂದೆ ಕೂತ ಮಗುವನ್ನು ಕೈಗಳ ನಡುವೆ ಹಿಡಿದಿರುವುದರಿಂದ ಅದು ಭದ್ರ ಎಂದು ಅಪ್ಪಂದಿರು ಭಾವಿಸುತ್ತಾರೆ. ಬಣ್ಣ ಬಳಿಯದ ಹಂಪು, ಅಡ್ಡ ಬಂದ ನಾಯಿ, ಹಠಾತ್ತನೆ ಬಾಗಿಲು ತೆರೆದ ಕಾರು, ಯಾವುದಾದರೊಂದು ಸಾಕು. ಅಪ್ಪನ ಎಪ್ಪತ್ತು ಕಿಲೋ ತೂಕ ಹಿಂದಿನಿಂದ ಒತ್ತುತ್ತದೆ, ಎದುರಿಗೆ ಹ್ಯಾಂಡಲ್ ಇರುತ್ತದೆ, ನಡುವೆ ಮಗು.

ಕಾನೂನು ಇಲ್ಲವೇ? ಇದೆ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ದ್ವಿಚಕ್ರ ವಾಹನದ ಮೇಲೆ ಹೆಲ್ಮೆಟ್ ಕಡ್ಡಾಯ ಎಂದು 2019ರ ತಿದ್ದುಪಡಿಯ ನಂತರದ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೇಳುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರಿಗೂ 2023ರ ಫೆಬ್ರುವರಿ 15ರಿಂದ ನಿಯಮ ಬಂದಿದೆ. ಮಗುವಿಗೆ ತನ್ನದೇ ಅಳತೆಯ ಹೆಲ್ಮೆಟ್ ಅಥವಾ ಸೈಕಲ್ ಹೆಲ್ಮೆಟ್, ಓಡಿಸುವವರ ಮೈಗೆ ಮಗುವನ್ನು ಕಟ್ಟಿಕೊಳ್ಳುವ ಸುರಕ್ಷಾ ಪಟ್ಟಿ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಇಷ್ಟು ಸ್ಪಷ್ಟವಾಗಿ ಬರೆದ ನಿಯಮವನ್ನು ಇಷ್ಟು ನಿರಾಳವಾಗಿ ಮರೆತಿರುವುದು ನಮ್ಮ ಸಾಧನೆ. ಹಿಂದಿನ ಚಕ್ರದ ಅರ್ಧಭಾಗ ಮುಚ್ಚುವ ಸೀರೆ ಗಾರ್ಡ್ ಕೂಡ ನಿಯಮದ ಪ್ರಕಾರ ಇರಲೇಬೇಕಾದ್ದು. ಗಾಡಿ ಚೆನ್ನಾಗಿ ಕಾಣಲಿ ಎಂದು ಹುಡುಗರು ಅದನ್ನು ಕಿತ್ತು ಬಿಸಾಡುತ್ತಾರೆ. ಸೆರಗು ಚಕ್ರಕ್ಕೆ ಸಿಕ್ಕರೆ ತಾಯಿಯ ಜೊತೆ ಮಡಿಲ ಕೂಸೂ ರಸ್ತೆಗೆ ಬೀಳುತ್ತದೆ.

ಹೆಲ್ಮೆಟಿನಿಂದ ಎಷ್ಟು ಲಾಭ ಎಂದು ಅನುಮಾನ ಇರುವವರಿಗೆ ಒಂದು ಮಾತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕೊಕ್ರೇನ್ ವಿಮರ್ಶೆಯ ಪ್ರಕಾರ ಬೈಕ್ ಸವಾರರಲ್ಲಿ ಹೆಲ್ಮೆಟ್ ಸಾವಿನ ಸಂಭವವನ್ನು ಶೇ. 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇ. 69ರಷ್ಟು ತಗ್ಗಿಸುತ್ತದೆ. ಈ ಕೆಲಸ ಮಾಡುವುದು ಹೊರಗಿನ ಹೊಳೆಯುವ ಚಿಪ್ಪಿಗಿಂತ ಹೆಚ್ಚಾಗಿ ಒಳಗಿನ ಥರ್ಮೋಕೋಲ್ ಪದರ. ಪೆಟ್ಟು ಬಿದ್ದಾಗ ಅದು ತಾನು ನಜ್ಜುಗುಜ್ಜಾಗಿ ತಲೆಯನ್ನು ಉಳಿಸುತ್ತದೆ. ಆದ್ದರಿಂದ ಒಮ್ಮೆ ಅಪಘಾತ ಕಂಡ ಹೆಲ್ಮೆಟ್ ಮತ್ತೆ ಬಳಸುವಂತಿಲ್ಲ. ಫುಟ್‌ಪಾತಿನ ಟೋಪಿಗಳಲ್ಲಿ ಆ ಪದರವೇ ಇರುವುದಿಲ್ಲ. ಐ.ಎಸ್. 4151 ಗುರುತಿಲ್ಲದ ಹೆಲ್ಮೆಟ್ ಮಾರುವುದನ್ನು 2021ರ ಜೂನ್‌ನಿಂದ ನಿಷೇಧಿಸಿದ್ದರೂ ಮಾರಾಟ ನಡೆದೇ ಇದೆ. ಇನ್ನು ಅಪ್ಪನ ಹಳೆಯ ಹೆಲ್ಮೆಟನ್ನು ಮಗುವಿಗೆ ಹಾಕುವವರೂ ಇದ್ದಾರೆ. ಐದು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 51 ಸೆಂಟಿಮೀಟರ್, ದೊಡ್ಡವರದು 56ರಿಂದ 58. ಆ ಸಡಿಲದಲ್ಲಿ ಬಿದ್ದರೆ ತಲೆಗಿಂತ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ. ಅಂಗಡಿಗೆ ಮಗುವನ್ನೇ ಕರೆದುಕೊಂಡು ಹೋಗಿ, ತೊಡಿಸಿ, ಗದ್ದದ ಪಟ್ಟಿ ಬಿಗಿದು, ತಲೆ ಅಲ್ಲಾಡಿಸಲು ಹೇಳಿ. ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು.

ಬಿಸಿಲು, ಬೆವರು, "ಇಲ್ಲೇ ಎರಡು ಕಿಲೋಮೀಟರ್ ಅಷ್ಟೇ", "ಮಗು ತಲೆ ಬೆಳೀತಾ ಇದೆ, ವರ್ಷಕ್ಕೊಂದು ಯಾರು ತಗೋತಾರೆ" ಎಂಬ ಮಾತುಗಳನ್ನು ನಾನೂ ಕೇಳಿದ್ದೇನೆ. ಶೂ ಸಾಕ್ಸ್ ಚಿಕ್ಕದಾದಾಗ ಯಾರೂ ಹೀಗೆ ವಾದಿಸುವುದಿಲ್ಲ. ಕಾರಿನವರೂ ಬೀಗಬೇಕಾಗಿಲ್ಲ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಟ್ಯಾಂಕಿನ ಮೇಲೆ ಕೂರಿಸಿದಷ್ಟೇ ತಪ್ಪು. ಹದಿನಾಲ್ಕು ವರ್ಷದೊಳಗಿನವರನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯಲ್ಲೇ 194ಬಿ ಕಲಮಿದೆ. ಎಸ್ಸೆಸ್ಸೆಲ್ಸಿ ಹುಡುಗನ ಕೈಗೆ ಗಾಡಿ ಕೀಲಿ ಕೊಟ್ಟರೆ 199ಎ ಕಲಮಿನಡಿ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಪೊಲೀಸರು ಪ್ರತಿ ಸರ್ಕಲ್ಲಿನಲ್ಲೂ ನಿಂತು ಮಕ್ಕಳ ತಲೆ ಎಣಿಸಲಾರರು. ಆ ಕೆಲಸ ಶಾಲೆಗಳಿಗೆ ಸುಲಭ. ಯೂನಿಫಾರ್ಮಿನ ಟೈ, ಬೆಲ್ಟು, ಶೂ ಬಣ್ಣದ ಬಗ್ಗೆ ಗೇಟಿನಲ್ಲೇ ತಕರಾರು ತೆಗೆಯುವ ಶಾಲೆಗಳು ದ್ವಿಚಕ್ರದಲ್ಲಿ ಬರುವ ಮಕ್ಕಳ ಹೆಲ್ಮೆಟ್ ಬಗ್ಗೆಯೂ ಅದೇ ಬಿಗಿ ತೋರಿಸಬಹುದು. ತರಗತಿಯ ಹಿಂದೆ ಹೆಲ್ಮೆಟ್ ಇಡಲು ಒಂದು ಮರದ ಕಪಾಟು ಮಾಡಿಸಿಕೊಡಬಹುದು. ಬರುವ ಜೂನ್‌ನಲ್ಲಿ ಶಾಲೆ ಶುರುವಾದಾಗ ಪೋಷಕರ ಮೊದಲ ಸಭೆಯಲ್ಲಿ ಈ ಮಾತು ಎತ್ತಿ. ಮುಖ್ಯೋಪಾಧ್ಯಾಯರು ಒಪ್ಪುವವರೆಗೆ ಬಿಡಬೇಡಿ.